ವಾರಾನ್ನದ ಎಲೆಯೂ ವೇದಿಕೆಯ ಚೀಲವೂ

ಹಬ್ಬವು ಸಮೀಪಿಸಿತೆಂದರೆ ನಮ್ಮ ಊರುಗಳಲ್ಲಿ ಬಡ ಕುಟುಂಬಗಳಿಗೆ ದಿನಸಿ ಹಂಚುವ ಸಮಾರಂಭಗಳು ತಪ್ಪದೆ ನಡೆಯುತ್ತವೆ. ಶಾಮಿಯಾನವುಂಟು, ವೇದಿಕೆಯುಂಟು, ದಾನಿಗಳ ಭಾವಚಿತ್ರವುಳ್ಳ ದೊಡ್ಡ ಫಲಕವುಂಟು. ಅಕ್ಕಿಯ ಚೀಲಕ್ಕಾಗಿ ಬಂದ ಹೆಂಗಸು ನಾಲ್ಕಾರು ಭಾಷಣಗಳನ್ನು ಕೇಳಿ, ಚೀಲದ ಒಂದು ಮೂಲೆಯನ್ನು ತಾನೂ ಇನ್ನೊಂದು ಮೂಲೆಯನ್ನು ದಾನಿಗಳೂ ಹಿಡಿದಿರುವಾಗ ಕ್ಯಾಮರಾದ ಕಡೆಗೆ ಮುಖಮಾಡಿ ನಿಲ್ಲಬೇಕು. ಮರುದಿನ ಆ ಚಿತ್ರವು ನಮ್ಮ ಕಛೇರಿಗೂ ಬರುತ್ತದೆ. ನಾವೂ ಅದನ್ನು ಅಚ್ಚುಮಾಡುತ್ತ ಬಂದಿದ್ದೇವೆ. ಆದುದರಿಂದ ದೋಷದ ಒಂದು ಪಾಲನ್ನು ನಮ್ಮ ತಲೆಯ ಮೇಲೆ ಹೊತ್ತುಕೊಂಡೇ ಈ ಮಾತನ್ನು ಆಡುತ್ತಿದ್ದೇವೆ.

ದಾನಿಗಳ ಉದ್ದೇಶವನ್ನು ನಾವು ಶಂಕಿಸುವುದಿಲ್ಲ. ಆ ಅಕ್ಕಿಯಿಂದ ಕೆಲವು ಒಲೆಗಳು ಉರಿಯುವುದು ನಿಜ. ನಮ್ಮ ಪ್ರಶ್ನೆಯು ಬೇರೆ. ಆ ಸಾಲಿನಲ್ಲಿ ಬಂದು ನಿಲ್ಲದವರು ಯಾರು? ದುಡಿಯುವ ಯಜಮಾನನು ಕಾಲು ಮುರಿದುಕೊಂಡು ಮಲಗಿರುವ ಮನೆ. ಗಂಡನನ್ನು ಕಳೆದುಕೊಂಡು, ತವರಿಗೂ ಹೋಗಲಾರದೆ, ಎರಡು ಮಕ್ಕಳೊಡನೆ ಬಾಡಿಗೆಯ ಕೋಣೆಯಲ್ಲಿರುವ ಹೆಣ್ಣುಮಗಳು. ನಿನ್ನೆಯವರೆಗೆ ತಾವೇ ನಾಲ್ವರಿಗೆ ಊಟವಿಕ್ಕಿದ ಮುದುಕ ದಂಪತಿಗಳು. ಇವರು ಉಪವಾಸವಿದ್ದಾರು, ಶಾಮಿಯಾನದ ಕೆಳಗೆ ಬರಲಾರರು. ಮಾನವನ್ನು ಬೆಲೆಯಾಗಿ ಕೇಳುವ ದಾನವು ಮಾನವುಳ್ಳ ಬಡವನನ್ನು ಮುಟ್ಟುವುದೇ ಇಲ್ಲ.

ಹಿಂದೆ ನಮ್ಮ ನಾಡಿನಲ್ಲಿ ವಾರಾನ್ನವೆಂಬ ಪದ್ಧತಿಯಿತ್ತು. ಹಳ್ಳಿಯಿಂದ ಓದಲು ಬಂದ ಬಡ ಹುಡುಗನು ಏಳು ಮನೆಗಳನ್ನು ಗೊತ್ತುಮಾಡಿಕೊಂಡು, ಸೋಮವಾರ ಒಂದು ಮನೆ, ಮಂಗಳವಾರ ಮತ್ತೊಂದು ಮನೆ ಎಂಬಂತೆ ಉಂಡು ವಿದ್ಯೆ ಕಲಿಯುತ್ತಿದ್ದನು. ಆರೇ ಮನೆ ಸಿಕ್ಕಿದವನಿಗೆ ಏಳನೆಯ ದಿನ ಏಕಾದಶಿ! ಯಾವ ಮನೆಗೂ ಇದರಿಂದ ಭಾರವಾಗುತ್ತಿರಲಿಲ್ಲ; ವಾರಕ್ಕೆ ಒಂದು ಎಲೆ ಹೆಚ್ಚು, ಅಷ್ಟೆ. ಆದರೆ ಹುಡುಗನು ಒಂದು ವಾರ ಬಾರದೆ ಹೋದರೆ, ಜ್ವರವೋ ಏನೋ ಎಂದು ವಿಚಾರಿಸುವುದಕ್ಕೆ ಆ ಮನೆಯ ಗೃಹಿಣಿಯೊಬ್ಬಳಾದರೂ ಇರುತ್ತಿದ್ದಳು. ಹಾಗೆಂದು ಹಳೆಯದನ್ನೆಲ್ಲ ಹೊಗಳುವ ಹಂಬಲ ನಮಗಿಲ್ಲ. ಕೆಲವೆಡೆ ತಂಗಳನ್ನ, ಕೆಲವೆಡೆ ಅನ್ನಕ್ಕೆ ಮೊದಲೇ ಚುಚ್ಚುಮಾತು, ಕೆಲವೆಡೆ ಊಟದ ಋಣಕ್ಕೆ ನೀರು ಸೇದುವ ಚಾಕರಿ. ಇವೆಲ್ಲಕ್ಕಿಂತ ದೊಡ್ಡ ಕುಂದೆಂದರೆ, ವಾರಾನ್ನವು ಸಾಮಾನ್ಯವಾಗಿ ಜಾತಿಯ ಹೊಸ್ತಿಲನ್ನು ದಾಟುತ್ತಿರಲಿಲ್ಲ. ಯಾರಿಗೆ ಅನ್ನವೂ ಅಕ್ಷರವೂ ಎಲ್ಲರಿಗಿಂತ ಹೆಚ್ಚು ಬೇಕಾಗಿದ್ದವೋ ಅವರಿಗೆ ಆ ಬೀದಿಯೊಳಗೆ ಪ್ರವೇಶವೇ ಇರಲಿಲ್ಲ.

ಆ ಹೊಸ್ತಿಲನ್ನು ದಾಟಿದವರಲ್ಲಿ ಮಂಗಳೂರಿನ ವಕೀಲರಾದ ಕುದ್ಮುಲ್ ರಂಗರಾಯರ ಹೆಸರನ್ನು ಮೊದಲು ಹೇಳಬೇಕು. 1897ರಲ್ಲಿ ಅವರು ದಲಿತೋದ್ಧಾರದ ಮಿಷನ್ನನ್ನು ಸ್ಥಾಪಿಸಿ, ಶಾಲೆಗಳನ್ನು ತೆರೆದು, ಕೈಕಸಬನ್ನು ಕಲಿಸಿ, ವಾಸಕ್ಕೆ ನಿವೇಶನಗಳನ್ನು ದೊರಕಿಸಿಕೊಟ್ಟರು. ಸ್ವಜನರ ಬಹಿಷ್ಕಾರವನ್ನು ಸಹಿಸಿದರು. 1928ರಲ್ಲಿ ತೀರಿಕೊಳ್ಳುವವರೆಗೂ ಹಿಡಿದ ಕೆಲಸವನ್ನು ಬಿಡಲಿಲ್ಲ. ತುಮಕೂರಿನ ಬಳಿಯ ಸಿದ್ಧಗಂಗೆಯಲ್ಲಿ ಶ್ರೀ ಶಿವಕುಮಾರ ಸ್ವಾಮಿಗಳು (1907–2019) ಜಾತಿಮತಗಳ ಭೇದವೆಣಿಸದೆ ಸಾವಿರಾರು ಮಕ್ಕಳಿಗೆ ಅನ್ನ, ವಸತಿ, ವಿದ್ಯೆಗಳನ್ನು ಒದಗಿಸಿದುದನ್ನು ವಾಚಕರು ಬಲ್ಲರು. ಅಲ್ಲಿ ಸಾವಿರ ಮಂದಿ ಒಂದೇ ಪಂಕ್ತಿಯಲ್ಲಿ ಕುಳಿತಾಗ ಯಾವನೂ ಬೇಡಿದವನಾಗಿ ಕಾಣುವುದಿಲ್ಲ.

ಇಂದು ಸರಕಾರವೇ ಅಕ್ಕಿ ಕೊಡುತ್ತಿರುವಾಗ ಊರವರ ದಾನಕ್ಕೆ ಕೆಲಸವೇನು ಉಳಿದಿದೆಯೆಂದು ಕೆಲವರು ಕೇಳುವರು. 2013ರ ಆಹಾರ ಭದ್ರತಾ ಕಾಯಿದೆಯಂತೆ ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೆ ತಿಂಗಳಿಗೆ 5 ಕಿಲೋ, ಅಂತ್ಯೋದಯ ಕುಟುಂಬಕ್ಕೆ 35 ಕಿಲೋ ಧಾನ್ಯವು ಹಕ್ಕಾಗಿ ಸಲ್ಲುತ್ತದೆ. ಅದೇ ವರ್ಷ ನಮ್ಮ ರಾಜ್ಯದಲ್ಲಿ ಅನ್ನಭಾಗ್ಯವು ಬಂದಿತು. 2023ರಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿಗಳ ಗೃಹಲಕ್ಷ್ಮಿಯೂ ಬಂದಿತು. ಇವು ದಾನವಲ್ಲ, ಹಕ್ಕು. ಬಂದುದು ಒಳ್ಳೆಯದೇ ಆಯಿತು. ಆದರೆ ಹಕ್ಕು ಕಾಗದದ ದಾರಿಯಲ್ಲಿ ನಡೆದುಬರುತ್ತದೆ. 2020ರ ಮಾರ್ಚಿಯಲ್ಲಿ ದೇಶವೆಲ್ಲ ಬಾಗಿಲು ಮುಚ್ಚಿದಾಗ, ಪಡಿತರ ಚೀಟಿಯನ್ನು ಹುಟ್ಟೂರಿನಲ್ಲಿ ಬಿಟ್ಟು ಪಟ್ಟಣಕ್ಕೆ ದುಡಿಯಲು ಬಂದವರ ಪಾಡೇನಾಯಿತೆಂಬುದನ್ನು ಎಲ್ಲರೂ ಕಂಡರು. ಆಗ ಅವರಿಗೆ ಬೇಯಿಸಿ ಬಡಿಸಿದವರಲ್ಲಿ ನೆರೆಹೊರೆಯವರೂ, ಮಠ, ಮಸೀದಿ, ಇಗರ್ಜಿ, ಗುರುದ್ವಾರಗಳವರೂ ಇದ್ದರು. ಈಗ ಚೀಟಿಯು ಎಲ್ಲಿಯಾದರೂ ನಡೆಯುವ ಏರ್ಪಾಡಾಗಿದೆ. ಆದರೂ ಸವೆದ ಬೆರಳಿನ ಗುರುತು ಯಂತ್ರಕ್ಕೆ ಹತ್ತದವರಿದ್ದಾರೆ; ಗಂಡನ ಮರಣಪತ್ರವಿಲ್ಲದೆ ವಿಧವಾ ವೇತನಕ್ಕೆ ಅರ್ಜಿಹಾಕಲಾರದವರಿದ್ದಾರೆ. ಇಂಥವರಿಗೆ ಅಕ್ಕಿಗಿಂತ ಮೊದಲು ಬೇಕಾದುದು, ಅವರೊಡನೆ ತಾಲೂಕು ಕಛೇರಿಗೆ ಹೋಗಿ ಅರ್ಧ ದಿನ ಕುಳಿತು ಬರುವ ಓದುಬಲ್ಲ ಒಬ್ಬ ಮನುಷ್ಯ. ಯಾವ ಫಲಕದ ಮೇಲೂ ಈ ದಾನಕ್ಕೆ ಸ್ಥಳವಿಲ್ಲ.

ಮಹಾಜನರ ಮುಂದೆ ನಮ್ಮದೊಂದು ಸಣ್ಣ ಸಲಹೆಯಿದೆ. ಯಾವ ಮನೆಯಲ್ಲಿ ಕಷ್ಟ ಹೊಕ್ಕಿದೆಯೆಂಬುದು ಎಲ್ಲರಿಗಿಂತ ಮೊದಲು ತಿಳಿಯುವುದು ಬೀದಿಯ ಕಿರಾಣಿ ಅಂಗಡಿಯವನಿಗೆ. ಎಣ್ಣೆ ಅರ್ಧ ಕಿಲೋದಿಂದ ಕಾಲು ಕಿಲೋಗೆ ಇಳಿಯುತ್ತದೆ, ಉದ್ರಿ ಪುಸ್ತಕದ ಪುಟ ತುಂಬುತ್ತದೆ, ಕೊನೆಗೆ ಮಗುವನ್ನೂ ಅಂಗಡಿಗೆ ಕಳುಹಿಸುವುದು ನಿಲ್ಲುತ್ತದೆ. ಬೀದಿಯ ಹತ್ತು ಮನೆಗಳವರು ತಿಂಗಳಿಗೆ ಕೈಲಾದಷ್ಟು ಕೂಡಿಸಿ, ಆ ಪುಟದ ಸಾಲವನ್ನು ಸದ್ದಿಲ್ಲದೆ ತೀರಿಸಿ, ಮುಂದಿನ ತಿಂಗಳಿಗೂ ಸ್ವಲ್ಪ ಜಮಾ ಇರಿಸಿದರೆ, ಆ ತಾಯಿಯು ಎಲ್ಲರಂತೆ ಅಂಗಡಿಗೆ ಬಂದು, ತನಗೆ ಬೇಕಾದ ಬೇಳೆಯನ್ನು ತಾನೇ ಆರಿಸಿ ಒಯ್ಯುವಳು. ಲೆಕ್ಕವನ್ನು ಶಾಲೆಯ ಮಾಸ್ತರರೋ ಅಂಗನವಾಡಿಯ ಕಾರ್ಯಕರ್ತೆಯೋ ನೋಡಿಕೊಳ್ಳಲಿ. ಹಣದ ಮಾತಿನಲ್ಲಿ ಅಂಗಡಿಯವನೊಬ್ಬನನ್ನೇ ನಂಬಿರೆಂದು ಹೇಳುವಷ್ಟು ಭೋಳೆತನ ನಮಗಿಲ್ಲ.

ನಮ್ಮ ಪಾಲಿನ ಕೆಲಸವನ್ನು ನಾವು ಇಂದೇ ಮಾಡಿದ್ದೇವೆ. ನೆರವು ಪಡೆಯುವವರ ಮುಖ ಕಾಣುವ ಯಾವ ಚಿತ್ರವನ್ನೂ ಇನ್ನು ಮುಂದೆ ಈ ಪತ್ರಿಕೆಯು ಪ್ರಕಟಿಸುವುದಿಲ್ಲ. ದಾನಿಗಳ ಹೆಸರನ್ನೂ ಕೊಟ್ಟ ಮೊತ್ತವನ್ನೂ ಒಂದು ಸಾಲಿನಲ್ಲಿ ಸಂತೋಷದಿಂದ ಅಚ್ಚುಮಾಡುವೆವು. ಇದರಿಂದ ಹಬ್ಬದ ಸಂಚಿಕೆಗೆ ಕೆಲವು ಜಾಹೀರಾತುಗಳು ತಪ್ಪಿಹೋಗುವವೆಂದು ನಮ್ಮ ವ್ಯವಸ್ಥಾಪಕರು ಎಚ್ಚರಿಸಿದ್ದಾರೆ.