ಮನ್ಯಾಗ ಒಬ್ಬರು ಹಾಸಿಗೆ ಹಿಡಿದರೆ: ಸಾಲಕ್ಕಿಂತ ಮೊದಲು ನೋಡಬೇಕಾದ ದಾರಿಗಳು

ಶಿರೂರು (ಬಾಗಲಕೋಟೆ): ಮಗ್ಗದ ಮನೆ ಇರಲಿ, ಒಣಬೇಸಾಯದ ಮನೆ ಇರಲಿ, ಬಸ್ ಸ್ಟ್ಯಾಂಡ್ ಹತ್ತಿರದ ಸಣ್ಣ ಅಂಗಡಿ ಇರಲಿ, ಕಾಯಿಲೆ ಬಂತಂದ್ರ ಪೆಟ್ಟು ಒಂದೇ ಕಡೆಯಿಂದ ಬರೋದಿಲ್ಲ. ಒಂದು ಕಡೆ ಖರ್ಚು ಏರುತ್ತದೆ, ಇನ್ನೊಂದು ಕಡೆ ಬರುವ ದುಡ್ಡು ನಿಲ್ಲುತ್ತದೆ. ರೋಗಿಯ ಕೂಲಿ ಹೋಗುತ್ತದೆ, ಅವರ ಜತೆ ಆಸ್ಪತ್ರೆಯಲ್ಲಿ ಕೂತವರ ಕೂಲಿಯೂ ಹೋಗುತ್ತದೆ.

ಸುಮ್ಮನೆ ಒಂದು ಲೆಕ್ಕ ಹಾಕಿ ನೋಡಿ. ದಿನಕ್ಕೆ 400 ರೂಪಾಯಿ ದುಡಿಯುವ ಇಬ್ಬರು 15 ದಿನ ಮನೆಯಲ್ಲಿ ಕೂತರೆ 12,000 ರೂಪಾಯಿ ಹೋಯಿತು. ಇದರಲ್ಲಿ ಆಸ್ಪತ್ರೆ ಬಿಲ್ ಇಲ್ಲ, ಔಷಧ ಇಲ್ಲ, ಹುಬ್ಬಳ್ಳಿಗೆ ಹೋಗಿ ಬರುವ ಖರ್ಚು ಇಲ್ಲ, ಜತೆಗಿದ್ದವರ ಚಹಾ-ನಾಷ್ಟಾ ಇಲ್ಲ. ಬಹಳ ಮನೆಗಳು ಸಾಲಕ್ಕೆ ಬೀಳುವುದು ದೊಡ್ಡ ಆಪರೇಷನ್‌ನಿಂದಲ್ಲ, ಇಂಥ ಸಣ್ಣ ಸಣ್ಣ ಖರ್ಚು ಒಟ್ಟಿಗೆ ಬಂದಾಗ. ಆ ಹೊತ್ತಿನಲ್ಲಿ ಗಡಿಬಿಡಿಯಿಂದ ತಂದ ಬಡ್ಡಿ ಸಾಲ ಕಾಯಿಲೆ ವಾಸಿಯಾದ ಮೇಲೂ ವರ್ಷಗಟ್ಟಲೆ ಉಳಿಯುತ್ತದೆ.

ಇದಕ್ಕೆ ಮುಂಚೆ ಏನು ಮಾಡಿಟ್ಟುಕೊಳ್ಳಬಹುದು, ಕಷ್ಟ ಬಂದ ದಿನ ಯಾವ ಬಾಗಿಲು ಮೊದಲು ಬಡಿಯಬೇಕು ಎಂಬ ವಿವರ ಇಲ್ಲಿದೆ.

ಹಗೇವಿನಿಂದ ಸಂಘದವರೆಗೆ

ಕೂಡಿಡುವುದು, ಒಬ್ಬರಿಗೊಬ್ಬರು ಆಗುವುದು ಈ ಭಾಗಕ್ಕೆ ಹೊಸದಲ್ಲ. ಸುಗ್ಗಿಯ ಜೋಳವನ್ನು ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿದರೆ ಅದು ಮಳೆ ಕೈಕೊಟ್ಟ ವರ್ಷದ ವಿಮೆ. ಹಳೆ ಸೀರೆಗಳನ್ನು ಸೇರಿಸಿ ಹೊಲಿದ ಕೌದಿ ಮನೆಮಂದಿಯ ಹೊದಿಕೆ. ಬಿತ್ತನೆ, ಕಳೆ, ರಾಶಿ ಕಾಲದಲ್ಲಿ 'ನಮ್ಮ ಹೊಲಕ್ಕ ಇವತ್ತು ನೀವು ಬರ್ರಿ, ನಾಳೆ ನಾವು ಬರ್ತೀವಿ' ಅನ್ನುವ ಮುಯ್ಯಾಳು ಪದ್ಧತಿಯಲ್ಲಿ ರೊಕ್ಕವೇ ಬೇಕಿರಲಿಲ್ಲ. ಮದುವೆ ಮುಯ್ಯಿ ಬರೆದಿಟ್ಟ ಪುಸ್ತಕ ಈಗಲೂ ಎಷ್ಟೋ ಮನೆಗಳ ಟ್ರಂಕಿನಲ್ಲಿದೆ.

ಇದೇ ಗುಣ ಕಾಗದ-ಲೆಕ್ಕದ ರೂಪಕ್ಕೆ ಬಂದಿದ್ದೂ ಹತ್ತಿರದಲ್ಲೇ. ಪಕ್ಕದ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಸಹಕಾರಿ ಪತ್ತಿನ ಸಂಘ ಕಟ್ಟಿದರು. ದೇಶದ ಸಹಕಾರ ಚಳವಳಿಯ ಮಾತು ಬಂದಾಗೆಲ್ಲ ಈ ಹೆಸರು ಮೊದಲು ಬರುತ್ತದೆ. ಬಡ್ಡಿಯವರ ಕೈಯಿಂದ ರೈತನನ್ನು ಬಿಡಿಸುವುದೇ ಅಂಥ ಸಂಘಗಳ ಉದ್ದೇಶವಾಗಿತ್ತು. ಮುಂದೆ 1992ರಲ್ಲಿ ನಬಾರ್ಡ್ ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸ ಶುರು ಮಾಡಿತು. 2000-01ರಲ್ಲಿ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂದ ಮೇಲೆ ಓಣಿಗೊಂದು ಮಹಿಳಾ ಸಂಘ ಎನ್ನುವಂತಾಯಿತು.

ವಾರಕ್ಕೆ 50 ರೂಪಾಯಿ ಏನು ಮಾಡುತ್ತದೆ?

15 ಮಂದಿಯ ಒಂದು ಸಂಘ ಇದೆ ಎಂದುಕೊಳ್ಳಿ. ತಲಾ 50 ರೂಪಾಯಿಯಂತೆ ವಾರಕ್ಕೆ 750 ರೂಪಾಯಿ, ವರ್ಷದ 52 ವಾರಕ್ಕೆ 39,000 ರೂಪಾಯಿ. ಒಬ್ಬರೇ ಇಟ್ಟಿದ್ದರೆ ವರ್ಷಕ್ಕೆ 2,600 ರೂಪಾಯಿ ಆಗುತ್ತಿತ್ತು. ಕಷ್ಟ ಬಂದ ಸದಸ್ಯೆಗೆ ಸಂಘದಿಂದ 20,000 ರೂಪಾಯಿ ಸಿಗಬಹುದು. ಸಂಘದ ಬಲ ಇರುವುದೇ ಇಲ್ಲಿ.

ಬಡ್ಡಿಯ ವ್ಯತ್ಯಾಸ ಇನ್ನೂ ದೊಡ್ಡದು. ಆ 20,000 ರೂಪಾಯಿಯನ್ನು ಸಂಘದಿಂದ ತಿಂಗಳಿಗೆ ನೂರಕ್ಕೆ 1 ರೂಪಾಯಿ ಬಡ್ಡಿಗೆ ತೆಗೆದುಕೊಂಡು, ತಿಂಗಳಿಗೆ 2,000 ರೂಪಾಯಿ ಅಸಲು ತೀರಿಸುತ್ತ ಹೋದರೆ 10 ತಿಂಗಳಿಗೆ ಒಟ್ಟು ಬಡ್ಡಿ 1,100 ರೂಪಾಯಿ. ಅದೇ ಹಣವನ್ನು ನೂರಕ್ಕೆ 5ರಂತೆ ಕೈಸಾಲ ತಂದು 10 ತಿಂಗಳ ನಂತರ ಒಮ್ಮೆಲೇ ಅಸಲು ಕೊಟ್ಟರೆ ಬಡ್ಡಿಯೇ 10,000 ರೂಪಾಯಿ. ಸಂಘಕ್ಕೆ ಕಟ್ಟಿದ ಬಡ್ಡಿ ಮತ್ತೆ ಸಂಘದ ಪೆಟ್ಟಿಗೆಗೇ ಬೀಳುತ್ತದೆ ಅನ್ನೋದನ್ನೂ ಮರೆಯಬಾರದು.

ಆದರೆ ಸಂಘ ನಡೆಯಬೇಕಾದರೆ ಐದು ಮಾತು ಬಿಡುವಂತಿಲ್ಲ: ತಪ್ಪದೆ ಸಭೆ, ತಪ್ಪದೆ ಉಳಿತಾಯ, ಸದಸ್ಯರೊಳಗೇ ಸಾಲ, ಸಮಯಕ್ಕೆ ಮರುಪಾವತಿ, ನೆಟ್ಟಗಿನ ಲೆಕ್ಕಪುಸ್ತಕ. ಇದನ್ನೇ ಪಂಚಸೂತ್ರ ಅಂತಾರೆ. ಪುಸ್ತಕ ಒಬ್ಬರ ಮನೆಯಲ್ಲೇ ಉಳಿದು, ಉಳಿದವರಿಗೆ ಲೆಕ್ಕ ಗೊತ್ತಿಲ್ಲದಂತಾದರೆ ಸಂಘ ಒಳಗಿಂದ ಸಡಿಲಾಗುತ್ತದೆ. ಬ್ಯಾಂಕ್ ಸಾಲ ಬಂದಾಗ ಎಲ್ಲರೂ ಸಮ ಹಂಚಿಕೊಳ್ಳುವ ರೂಢಿಯೂ ಒಳ್ಳೆಯದಲ್ಲ. ಬೇಡದವರ ಕೈಗೆ ಸಾಲ ಹೋಗುತ್ತದೆ, ಬೇಕಾದವರಿಗೆ ಸಾಕಾಗುವುದಿಲ್ಲ.

ಸಂಘದ ಮೊತ್ತದಲ್ಲಿ ಒಂದು ಪಾಲನ್ನು 'ದವಾಖಾನೆ ದುಡ್ಡು' ಎಂದು ಬೇರೆ ಇಡುವುದು ಜಾಣತನ. ರಾತ್ರಿ 11 ಗಂಟೆಗೆ ಎದೆನೋವು ಬಂದವರಿಗೆ ಮುಂದಿನ ವಾರದ ಸಭೆಯವರೆಗೆ ಕಾಯಲು ಆಗೋದಿಲ್ಲ. ಇಂಥ ತುರ್ತಿಗೆ ಎಷ್ಟು ಕೊಡಬೇಕು, ಯಾರು ಸಹಿ ಹಾಕಬೇಕು ಎಂದು ಮೊದಲೇ ಠರಾವು ಬರೆದಿಟ್ಟರೆ ಆಮೇಲೆ ಜಗಳ ಬರುವುದಿಲ್ಲ.

ಬೀಸಿ, ಚೀಟಿ: ಎಲ್ಲಿ ಎಚ್ಚರ?

ಪರಿಚಯಸ್ಥರು ಸೇರಿ ಹಾಕುವ ಬೀಸಿ ಅಂಗಡಿಯವರಿಗೆ ಅಚ್ಚುಮೆಚ್ಚು. ಶಿಸ್ತು ಕಲಿಸುತ್ತದೆ ನಿಜ. ಆದರೆ ಕಾಯಿಲೆ ನಿಮ್ಮ ಪಾಳಿ ನೋಡಿ ಬರೋದಿಲ್ಲ. ಸವಾಲಿನ ಚೀಟಿಯಲ್ಲಿ ತುರ್ತು ಇದ್ದವರೇ ಹೆಚ್ಚು ಬಿಟ್ಟುಕೊಟ್ಟು ಕಡಿಮೆ ಮೊತ್ತ ಒಯ್ಯುತ್ತಾರೆ. ಹೀಗಾಗಿ ಅದು ಉಳಿತಾಯವೂ ಹೌದು, ಒಂಥರಾ ಬಡ್ಡಿ ಸಾಲವೂ ಹೌದು.

ದೊಡ್ಡ ಮೊತ್ತದ ಚೀಟಿ ಸೇರುವವರು 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿ ಆಗಿದೆಯೇ ಎಂದು ಕೇಳಬೇಕು. ನೋಂದಾಯಿತ ಚೀಟಿ ನಡೆಸುವವರ ಕಮಿಷನ್ ನೂರಕ್ಕೆ 7 ದಾಟುವಂತಿಲ್ಲ. ಕೇಳಿದರೆ ಬೇಜಾರಾಗ್ತಾರೆ ಅನ್ನುವ ದಾಕ್ಷಿಣ್ಯ ಇಲ್ಲಿ ಬೇಡ.

ಆರೋಗ್ಯವಾಗಿದ್ದಾಗಲೇ ಕಾರ್ಡ್ ಮಾಡಿಸಿ

ಆಸ್ಪತ್ರೆಯ ಬಾಗಿಲಲ್ಲಿ ನಿಂತು ಕಾರ್ಡ್ ಹುಡುಕುವುದು ಕಡೆಯ ದಾರಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದೆ. ಎಪಿಎಲ್ ಕಾರ್ಡ್‌ದಾರರಿಗೂ ಯೋಜನೆ ಇದೆ ಎಂಬುದು ಬಹಳ ಅಂಗಡಿಕಾರರಿಗೆ ಗೊತ್ತಿಲ್ಲ. ಅವರಿಗೆ ಪ್ಯಾಕೇಜ್ ದರದ ಶೇ 30ರಷ್ಟು, ಕುಟುಂಬಕ್ಕೆ ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ ನೆರವು ಸಿಗುತ್ತದೆ.

ಇಲ್ಲಿ ಜನ ತಪ್ಪುವುದು ಒಂದೇ ಕಡೆ. ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ ದಾಖಲಾಗುತ್ತಾರೆ, ಆಮೇಲೆ ಕಾರ್ಡ್ ತೋರಿಸುತ್ತಾರೆ. ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆ ಬಿಟ್ಟರೆ, ಖಾಸಗಿ ಆಸ್ಪತ್ರೆಯಲ್ಲಿ ಯೋಜನೆಯ ಲಾಭ ಸಿಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಆ ಆಸ್ಪತ್ರೆ ಯೋಜನೆಯ ಪಟ್ಟಿಯಲ್ಲೂ ಇರಬೇಕು. ಆದ್ದರಿಂದ ಮೊದಲ ಹೆಜ್ಜೆ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಬಾಗಲಕೋಟೆ ನವನಗರದ ಜಿಲ್ಲಾ ಆಸ್ಪತ್ರೆ. ಸಂಶಯ ಇದ್ದರೆ 14555ಕ್ಕೆ ಫೋನ್ ಮಾಡಿ ಕೇಳಬಹುದು. ತುರ್ತಿಗೆ 108, ಆರೋಗ್ಯ ಸಲಹೆಗೆ 104.

ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಯೋಜನೆ ಇದೆ. 2003ರಲ್ಲಿ ಶುರುವಾಗಿ, ನಡುವೆ ನಿಂತು, 2022-23ರಲ್ಲಿ ಮತ್ತೆ ಜಾರಿಗೆ ಬಂತು. ಮರುಜಾರಿಯ ವೇಳೆ ಗ್ರಾಮೀಣ ಭಾಗದ ನಾಲ್ವರ ಕುಟುಂಬಕ್ಕೆ ವಾರ್ಷಿಕ ವಂತಿಗೆ 500 ರೂಪಾಯಿ, ಚಿಕಿತ್ಸೆಯ ಮಿತಿ 5 ಲಕ್ಷ ರೂಪಾಯಿ ಇತ್ತು. ನೋಂದಣಿಗೆ ವರ್ಷದಲ್ಲಿ ಇಂತಿಷ್ಟೇ ದಿನ ಅವಕಾಶ ಇರುವುದರಿಂದ ನಿಮ್ಮ ಸೊಸೈಟಿ ಕಾರ್ಯದರ್ಶಿಯನ್ನು ಮೊದಲೇ ವಿಚಾರಿಸಿ.

ಬ್ಯಾಂಕ್ ಖಾತೆ ಇದ್ದವರಿಗೆ ಇನ್ನೆರಡು ವಿಮೆ. ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮಾದಲ್ಲಿ ಅಪಘಾತದಿಂದ ಸಾವಾದರೆ 2 ಲಕ್ಷ ರೂಪಾಯಿ. ವರ್ಷಕ್ಕೆ 436 ರೂಪಾಯಿಯ ಜೀವನ ಜ್ಯೋತಿ ಬಿಮಾದಲ್ಲಿ ಕಾಯಿಲೆಯಿಂದ ಸಾವಾದರೂ 2 ಲಕ್ಷ ರೂಪಾಯಿ. ಮೊದಲನೆಯದಕ್ಕೆ 18ರಿಂದ 70, ಎರಡನೆಯದಕ್ಕೆ 18ರಿಂದ 50 ವರ್ಷದೊಳಗೆ ಸೇರಬೇಕು. ಮೇ ತಿಂಗಳ ಕೊನೆಗೆ ಖಾತೆಯಲ್ಲಿ ಅಷ್ಟು ಹಣ ಇಲ್ಲದಿದ್ದರೆ ವಿಮೆ ನಿಂತುಹೋಗುತ್ತದೆ. ಪಾಸ್‌ಬುಕ್ ಎಂಟ್ರಿ ಒಮ್ಮೆ ನೋಡಿಕೊಳ್ಳಿ. ಮನೆಯವರಿಗೂ ಈ ವಿಷಯ ಗೊತ್ತಿರಲಿ, ಗೊತ್ತಿಲ್ಲದ ವಿಮೆಯನ್ನು ಯಾರೂ ಕೇಳಲು ಹೋಗುವುದಿಲ್ಲ.

ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು

ಬಿಪಿ, ಶುಗರ್ ಗುಳಿಗೆಯನ್ನು ದಿನ ಬಿಟ್ಟು ದಿನ ನುಂಗುವುದು ಉಳಿತಾಯ ಅಲ್ಲ. ತಿಂಗಳಿಗೆ ಕೆಲವು ನೂರು ಉಳಿಸಲು ಹೋಗಿ ಲಕ್ವಾ ಹೊಡೆದರೆ ಮನೆಯ ದುಡಿಮೆಯೇ ನಿಲ್ಲುತ್ತದೆ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಿಪಿ, ಶುಗರ್ ತಪಾಸಣೆ ಮತ್ತು ಗುಳಿಗೆ ಉಚಿತ.

ಹೊರಗೆ ಕೊಳ್ಳುವವರು ಜನೌಷಧಿ ಕೇಂದ್ರಗಳಲ್ಲಿ ಅದೇ ಔಷಧವನ್ನು ಅರ್ಧಕ್ಕೂ ಕಡಿಮೆ ಬೆಲೆಗೆ ಪಡೆಯಬಹುದು. ಚೀಟಿಯಲ್ಲಿ ಕಂಪನಿ ಹೆಸರಿನ ಜತೆ ಔಷಧದ ಮೂಲ ಹೆಸರನ್ನೂ ಬರೆದುಕೊಡುವಂತೆ ಡಾಕ್ಟರಿಗೆ ಕೇಳಿದರೆ ತಪ್ಪಿಲ್ಲ. ಗುಳಿಗೆ ಬದಲಿಸುವುದಿದ್ದರೆ ಮಾತ್ರ ಅವರನ್ನೇ ಕೇಳಿ ಬದಲಿಸಬೇಕು. ಹಳೆ ಎಕ್ಸ್‌ರೇ, ರಕ್ತ ಪರೀಕ್ಷೆ ಕಾಗದಗಳನ್ನು ಒಂದೇ ಚೀಲದಲ್ಲಿಟ್ಟು ಒಯ್ದರೆ ಅದೇ ಪರೀಕ್ಷೆಗೆ ಎರಡು ಸಲ ದುಡ್ಡು ಕೊಡುವುದು ತಪ್ಪುತ್ತದೆ.

ಜತೆಗೆ ಹೋಗುವವರು ಹೆಣ್ಣುಮಕ್ಕಳಾದರೆ ಶಕ್ತಿ ಯೋಜನೆಯಡಿ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲ. ಕಡಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಕಟ್ಟಿಕೊಂಡರೆ ವಾರಗಟ್ಟಲೆ ಕೆಡೋದಿಲ್ಲ, ಹೋಟೆಲ್ ಖರ್ಚೂ ಉಳಿಯುತ್ತದೆ.

ರೊಕ್ಕಕ್ಕಿಂತ ಕೈ ದೊಡ್ಡದು

'ಏನರ ಬೇಕಾದ್ರ ಹೇಳ್ರಿ' ಅನ್ನುವ ಮಾತು ಒಳ್ಳೆಯದೇ. ಆದರೆ ಕಷ್ಟದಲ್ಲಿದ್ದವರು ಬಾಯಿ ಬಿಟ್ಟು ಕೇಳುವುದು ಕಡಿಮೆ. ಮಾನದ ಪ್ರಶ್ನೆ ಅಡ್ಡ ಬರುತ್ತದೆ. ಅದರ ಬದಲು ಕೆಲಸವನ್ನೇ ಹಂಚಿಕೊಳ್ಳಬಹುದು. ಒಬ್ಬರು ಎಮ್ಮೆ ಹಿಂಡಿ ಡೇರಿಗೆ ಹಾಲು ಹಾಕಲಿ. ಇನ್ನೊಬ್ಬರು ಮಕ್ಕಳನ್ನು ಸಾಲಿಗೆ ಕಳಿಸಲಿ. ಮತ್ತೊಬ್ಬರು ರಾತ್ರಿ ಪಾಳಿ ಆಸ್ಪತ್ರೆಯಲ್ಲಿ ಕೂರಲಿ. ಮಗ್ಗದ ಮೇಲಿನ ಅರ್ಧ ನೇಯ್ದ ಸೀರೆಯನ್ನು ಬಲ್ಲವರು ಮುಗಿಸಿಕೊಟ್ಟರೆ ಆ ವಾರದ ಮಜೂರಿ ಮನೆಗೆ ಬರುತ್ತದೆ. ಇದು ಮುಯ್ಯಾಳಿನ ಲೆಕ್ಕವೇ. ಇವತ್ತು ಅವರಿಗೆ, ನಾಳೆ ನಮಗೆ.

ಅಂಗಡಿಯವರ ಉದ್ರಿ ಪುಸ್ತಕ

ಕಷ್ಟದ ಮನೆಗೆ ಮೊದಲು ನಿಲ್ಲುವವರು ಬಹಳ ಸಲ ಕಿರಾಣಿ ಅಂಗಡಿಯವರು. ಬಡ್ಡಿಯಿಲ್ಲದ ಉದ್ರಿ ದೊಡ್ಡ ಉಪಕಾರ. ಆದರೆ ಹತ್ತು ಮನೆ ಉದ್ರಿ ನಿಂತರೆ ಅಂಗಡಿಯವರೇ ಸಗಟು ವ್ಯಾಪಾರಿಗೆ ಬಾಕಿ ಬೀಳುತ್ತಾರೆ. ಇಬ್ಬರೂ ಉಳಿಯಬೇಕಾದರೆ ಕೆಲವು ರೂಢಿ ಬೇಕು. ಗಿರಾಕಿ ಕೈಯಲ್ಲೂ ಒಂದು ಪುಸ್ತಕ, ಅಂಗಡಿಯಲ್ಲೂ ಒಂದು. ಪ್ರತಿ ಸಲ ಇಬ್ಬರ ಎದುರಿಗೇ ಬರೆಯುವುದು. ಅಕ್ಕಿ, ಜೋಳ, ಎಣ್ಣೆ, ಬೇಳೆಗೆ ಉದ್ರಿ, ಉಳಿದದ್ದಕ್ಕೆ ನಗದು. ಪೂರ್ತಿ ಆಗದಿದ್ದರೂ ವಾರಕ್ಕೆ 100 ರೂಪಾಯಿಯಾದರೂ ಕಟ್ಟುವುದು. ಬಾಕಿ ಇರುವವರು ಮುಖ ತಪ್ಪಿಸಿ ಬೇರೆ ಅಂಗಡಿಗೆ ಹೋದರೆ ಕಳೆದುಹೋಗುವುದು ರೊಕ್ಕಕ್ಕಿಂತ ಹೆಚ್ಚಾಗಿ ನಂಬಿಕೆ.

ಅಂಗಡಿಯವರು ತಮ್ಮ ಮನೆ ಖರ್ಚು ಮತ್ತು ಗಲ್ಲಾದ ಹಣ ಬೇರೆ ಬೇರೆ ಇಡುವುದೂ ಮುಖ್ಯ. ಮನೆಯ ಆಸ್ಪತ್ರೆ ಖರ್ಚಿಗೆ ಬಂಡವಾಳವೇ ಕರಗಿದರೆ ಅಂಗಡಿ ಮತ್ತೆ ಏಳುವುದು ಕಷ್ಟ.

ಸಾಲ ಮಾಡಲೇಬೇಕಾದರೆ

ಕ್ರಮ ಹೀಗಿರಲಿ: ಮೊದಲು ಸಂಘ, ಆಮೇಲೆ ಸೊಸೈಟಿ ಅಥವಾ ಬ್ಯಾಂಕ್, ಬಂಗಾರ ಇದ್ದರೆ ಬ್ಯಾಂಕಿನಲ್ಲಿ ಅಡವು, ಕಡೆಗೆ ಉಳಿದದ್ದು. ಒಂದು ಸಾಲ ತೀರಿಸಲು ಇನ್ನೊಂದು ಸಾಲ ತೆಗೆಯುವ ದಿನವೇ ಎಚ್ಚರದ ಗಂಟೆ. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ಮೈಕ್ರೋ ಫೈನಾನ್ಸ್ ಸಾಲ ಪಡೆದ ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಬೆಳಿಗ್ಗೆ 9ಕ್ಕಿಂತ ಮೊದಲು, ಸಂಜೆ 6ರ ನಂತರ ವಸೂಲಿಗೆ ಫೋನ್ ಮಾಡುವಂತಿಲ್ಲ. ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ತಂದ ಕಾನೂನಿನಲ್ಲಿ ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಇದೆ. ಕಿರುಕುಳ ಆದರೆ ಪೊಲೀಸ್ ಠಾಣೆಗೆ ಹೋಗಬಹುದು. ಹಾಗಂತ ನ್ಯಾಯವಾಗಿ ಪಡೆದ ಬ್ಯಾಂಕ್ ಸಾಲ ಮನ್ನಾ ಆಯಿತು ಎಂದು ಅರ್ಥ ಅಲ್ಲ.

ಕಂತು ಕಟ್ಟಲು ಆಗದ ತಿಂಗಳು ಫೋನ್ ಸ್ವಿಚ್ ಆಫ್ ಮಾಡುವುದಕ್ಕಿಂತ ಆಸ್ಪತ್ರೆ ಕಾಗದ ಹಿಡಿದು ಬ್ಯಾಂಕಿಗೆ ಹೋಗಿ ಅವಧಿ ಕೇಳುವುದು ಒಳ್ಳೆಯದು.

ಊರಿಗೆ ಊರೇ ಬಿದ್ದಾಗ

ಸಂಘ, ಬೀಸಿ, ಉದ್ರಿ ಎಲ್ಲಕ್ಕೂ ಒಂದು ಮಿತಿ ಇದೆ. ಕಷ್ಟ ಒಬ್ಬೊಬ್ಬರಿಗೆ ಬೇರೆ ಬೇರೆ ಹೊತ್ತಿಗೆ ಬಂದರೆ ಮಾತ್ರ ಇವು ನಡೆಯುತ್ತವೆ. 2009 ಮತ್ತು 2019ರ ನೆರೆಯಂತೆ ಎಲ್ಲರ ಮನೆಗೂ ಒಮ್ಮೆಲೇ ಬಂದರೆ ಪೆಟ್ಟಿಗೆಗೆ ಹಾಕುವವರೇ ಇರುವುದಿಲ್ಲ, ಎಲ್ಲರೂ ತೆಗೆಯುವವರೇ. ಅದಕ್ಕೇ ಸಂಘದ ಹಣ ಪೂರ್ತಿ ಊರೊಳಗೇ ತಿರುಗದೆ ಒಂದು ಪಾಲು ಬ್ಯಾಂಕಿನಲ್ಲಿರಬೇಕು, ಬೆಳೆ ವಿಮೆ ಮತ್ತು ಆರೋಗ್ಯ ಕಾರ್ಡ್ ಊರ ಹೊರಗಿನ ಆಸರೆಯಾಗಿ ಇರಬೇಕು.

ಈ ವಾರವೇ ಮಾಡಬಹುದಾದ ಐದು ಕೆಲಸ

1. ಮನೆಯ ಎಲ್ಲರ ಆಧಾರ್ ಮತ್ತು ರೇಷನ್ ಕಾರ್ಡ್‌ನಲ್ಲಿ ಹೆಸರು ಒಂದೇ ರೀತಿ ಇದೆಯೇ ನೋಡಿ.

2. ಆಯುಷ್ಮಾನ್ ಕಾರ್ಡ್ ಇಲ್ಲದವರು ಗ್ರಾಮ ಒನ್ ಅಥವಾ ಆರೋಗ್ಯ ಕೇಂದ್ರದಲ್ಲಿ ಮಾಡಿಸಿ.

3. ಪಾಸ್‌ಬುಕ್‌ನಲ್ಲಿ 20 ಮತ್ತು 436 ರೂಪಾಯಿ ಕಡಿತವಾಗಿದೆಯೇ ಪರೀಕ್ಷಿಸಿ.

4. ಸಂಘದ ಮುಂದಿನ ಸಭೆಯಲ್ಲಿ ದವಾಖಾನೆ ದುಡ್ಡಿನ ಠರಾವು ಇಡಿ.

5. ಮನೆಯ ಎಲ್ಲ ಸಾಲ, ಬಡ್ಡಿ, ಕಂತಿನ ದಿನ ಒಂದೇ ಹಾಳೆಯಲ್ಲಿ ಬರೆದು ಮನೆಯ ಇನ್ನೊಬ್ಬರಿಗೂ ತೋರಿಸಿ.

ಐದನೆಯದು ಎಲ್ಲಕ್ಕಿಂತ ಕಷ್ಟದ್ದು. ಆದರೆ ಮನೆಯವರಿಂದ ಮುಚ್ಚಿಟ್ಟ ಸಾಲಕ್ಕೆ ಯಾರೂ ಹೆಗಲು ಕೊಡಲು ಆಗೋದಿಲ್ಲ.