ರಂಗಗೀತೆಯ ಧ್ವನಿಮುದ್ರಣ ಮತ್ತು ತುಂಬಿದ ಡಿಸ್ಕ್

ಪ್ರಶ್ನೆ: ಧ್ವನಿಮುದ್ರಣ ತಂತ್ರಾಂಶದ ಹಳೆಯ ಆವೃತ್ತಿಗಳನ್ನು ತೆಗೆದರೆ ಡಿಸ್ಕಿನಲ್ಲಿ ಜಾಗ ಸಿಗುತ್ತದೆಯೇ?

ಉತ್ತರ: ಸಾಮಾನ್ಯವಾಗಿ ಸ್ವಲ್ಪವೇ ಸಿಗುತ್ತದೆ. 1884ರಲ್ಲಿ ಹುಟ್ಟಿದ ನಾಟಕ ಕಂಪನಿಯಿಂದ, ಮುಂದೆ ಅದನ್ನು ನಡೆಸಿದ ವೀರಣ್ಣನವರಿಂದ ನಾಡಿಗೆಲ್ಲ ಪರಿಚಿತವಾದ ಗುಬ್ಬಿಯಂಥ ಊರಿನಲ್ಲಿ ರಂಗಗೀತೆಗಳನ್ನು ಹಾರ್ಮೋನಿಯಂ, ತಬಲಾ, ಕಂಠಗಳಿಗೆ ಬೇರೆಬೇರೆ ಟ್ರ್ಯಾಕ್ ಇಟ್ಟು ಮುದ್ರಿಸಿದಾಗ, ಸೆಕೆಂಡಿಗೆ 48,000 ಮಾದರಿ, ಮಾದರಿಗೆ 24 ಬಿಟ್‌ನ ಲೆಕ್ಕದಲ್ಲಿ ಪ್ರತಿ ಟ್ರ್ಯಾಕ್ ಗಂಟೆಗೆ ಸುಮಾರು 518 ಎಂಬಿ ಆಕ್ರಮಿಸುವುದರಿಂದ, ಡಿಸ್ಕನ್ನು ತುಂಬುವುದು ಬಹುಮಟ್ಟಿಗೆ ಧ್ವನಿಕಡತಗಳೇ. ಉದಾಹರಣೆಗೆ, ಅಡಾಸಿಟಿ ಎಂಬ ಧ್ವನಿಮುದ್ರಣ ತಂತ್ರಾಂಶವು 2021ರ 3.0 ಆವೃತ್ತಿಯಲ್ಲಿ ಕಡತದ ರೂಪವನ್ನೇ ಬದಲಿಸಿದ್ದರಿಂದ, ಹಳೆಯ ಪ್ರಾಜೆಕ್ಟುಗಳನ್ನು, ಅಂದರೆ ಟ್ರ್ಯಾಕುಗಳನ್ನೂ ಸಂಕಲನದ ವಿವರಗಳನ್ನೂ ಒಟ್ಟಿಗಿಟ್ಟ ದಾಖಲೆಗಳನ್ನು, ಹೊಸತರಲ್ಲಿ ತೆರೆದು, ಕೇಳಿ, ಉಳಿಸಿಕೊಂಡ ಬಳಿಕವಷ್ಟೇ ಹಳೆಯ ಆವೃತ್ತಿಯನ್ನು, ಫೋಲ್ಡರ್ ಅಳಿಸುವ ಬದಲು ಅನ್‌ಇನ್‌ಸ್ಟಾಲ್ ವ್ಯವಸ್ಥೆಯ ಮೂಲಕ ತೆಗೆಯಬೇಕು. ಹಿರಿಯ ಕಲಾವಿದರ ಕಂಠದ ಮೂಲ ಕಡತಗಳನ್ನಂತೂ ಎರಡು ಪ್ರತ್ಯೇಕ ಹಾರ್ಡ್ ಡಿಸ್ಕುಗಳಿಗೆ ನಕಲಿಸುವ ಮೊದಲು ಅಳಿಸಲೇಬಾರದು.