ರಕ್ತ ಕೊಟ್ರ ಕಬ್ಬಿಣ ಇಳಿತೈತೇನು?

ಹುಕ್ಕೇರಿ ಮಾಮಾನ ರಕ್ತದಾಗ ಕಬ್ಬಿಣ ಭಾಳ ಐತಂತ ವರದಿ ಬಂತು. ಹೆಚ್ಚಾದ ಕಬ್ಬಿಣ ತಾನಾಗಿ ಹೊರಗೆ ಹೋಗದು. ಯಕೃತ್ತು, ಹೃದಯದಲ್ಲಿ ಕೂಡಿ ಅವನ್ನು ಕೆಡಿಸುತ್ತದೆ. 450 ಮಿಲಿ ರಕ್ತ ಕೊಟ್ಟರೆ ಸುಮಾರು 200ರಿಂದ 250 ಮಿಲಿಗ್ರಾಂ ಕಬ್ಬಿಣ ಇಳಿಯುತ್ತದೆ. ಅದಕ್ಕೆ ಮಾಮಾ ಗೋಕಾಕದ ಶಿಬಿರಕ್ಕೆ ಹೊಂಟ. ಅವ್ವನೂ ಹೊಂಟಳು.

ಡಾಕ್ಟರು ಮಾಮಾಗ, "ಮೊದಲ ಕಾರಣ ಹುಡುಕೂಣು. ಸೆರೆ ಕುಡಿದು ಯಕೃತ್ತು ಬಾತರೂ ವರದಿಯೊಳಗ ಹಿಂಗ ತೋರಸ್ತೈತಿ" ಅಂದರು. ಮಾಮಾ ನೆಲ ನೋಡಿದ. ಹುಟ್ಟಿನಿಂದ ಬಂದ ಕಬ್ಬಿಣದ ರೋಗವಿದ್ದರೆ ಮಾತ್ರ ಆಸ್ಪತ್ರೆಯಲ್ಲಿ ಆಗಾಗ ರಕ್ತ ತೆಗೆಯುವುದೇ ಔಷಧ.

ಅವ್ವನ ಬೆರಳು ಚುಚ್ಚಿ ನೋಡಿದರು. ಹಿಮೋಗ್ಲೋಬಿನ್ 9 ಗ್ರಾಂ! ಕೊಡಲು 12.5 ಇರಬೇಕು. ಕೊಟ್ಟಿದ್ದರೆ ಕಬ್ಬು ಕಡಿಯುವಾಗ ತಲೆ ತಿರುಗಿ ಬೀಳುತ್ತಿದ್ದಳೇನೋ. ಇಬ್ಬರೂ ಕೊಡದೇ ಬಂದರು.

ನಾನು ಶಾಲೆಯ ನೀಲಿ ಗುಳಿಗೆ ಕಿಸೆಯಲ್ಲಿಟ್ಟುಕೊಂಡು ಒಗೆಯುತ್ತಿದ್ದೆ. ಈಗ ಅವ್ವ ವಾರವಾರ ಕೇಳ್ತಾಳ, "ನುಂಗಿದೇನ?"